ಹಾಯಿ ಸುತ್ತುವ ಡ್ರಮ್ ಮನೆಯಲ್ಲಾಗಲಿ, ಕೂವೆಮರದ ತಂತಿಯಲ್ಲಿ ಉಳಿತಾಯ ಬೇಡ

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಎರಡು ವಾರಗಳ ಹಿಂದೆ ತಮ್ಮ ಭಾನುವಾರದ ಪುರವಣಿಯಲ್ಲಿ, ಸಣ್ಣ ಹಾಯಿದೋಣಿಗೆ ಬೇಕಾದ ಹಾಯಿ ಸುತ್ತುವ ಸಲಕರಣೆಯನ್ನೂ ತಂತಿ, ಹಗ್ಗಗಳ ಕಟ್ಟನ್ನೂ ಮನೆಯಲ್ಲೇ ಮಾಡಿಕೊಳ್ಳುವುದು ಹೇಗೆಂಬ ಲೇಖನ ಪ್ರಕಟವಾಗಿತ್ತು. ಕನ್ನಡ ಪತ್ರಿಕೆಯೊಂದರಲ್ಲಿ ಹಾಯಿಗೆ ಇಡೀ ಒಂದು ಪುಟ ಸಿಕ್ಕಿದ್ದನ್ನು ಕಂಡು ಸಂತೋಷವಾಯಿತು. ಆ ಪುಟವನ್ನು ಕತ್ತರಿಸಿ ಇಟ್ಟುಕೊಂಡಿದ್ದೇನೆ. ಹೊರದೇಶದಿಂದ ತರಿಸುವ ಸಲಕರಣೆಯ ಬೆಲೆ ಕೆಲವೊಮ್ಮೆ ದೋಣಿಯ ಒಡಲಿಗೆ ಹಾಕಿದ ಪ್ಲೈವುಡ್ಡಿನ ಬೆಲೆಯನ್ನೂ ಮೀರುತ್ತದೆ ಎಂಬ ಲೇಖಕರ ಮಾತು ನಿಜ, ಮತ್ತು ಇದನ್ನೆಲ್ಲ ನಾವೇ ಮಾಡಿಕೊಳ್ಳಬಹುದೆಂದು ಅವರು ತುಂಬಿದ ಧೈರ್ಯವೂ ಒಳ್ಳೆಯದೇ. ಆದರೆ ಯಾವುದನ್ನು ಮನೆಯಲ್ಲಿ ಮಾಡಿಕೊಳ್ಳಬೇಕು, ಯಾವುದರಲ್ಲಿ ಕೈ ಬಿಗಿ ಹಿಡಿಯಬಾರದು ಎಂಬ ಗೆರೆಯನ್ನು ಅವರು ಎಳೆಯಲಿಲ್ಲ. ಹಾಯಿ ಸುತ್ತುವ ಡ್ರಮ್ಮಿಗೂ, ಹಾಯಿ ಕಟ್ಟುವ ಕಂಬವಾದ ಕೂವೆಮರವನ್ನು ನಿಲ್ಲಿಸಿ ಹಿಡಿಯುವ ತಂತಿಗೂ ಒಂದೇ ಉಸಿರಿನಲ್ಲಿ ಅಗ್ಗದ ದಾರಿ ತೋರಿಸಿದ್ದಾರೆ. ಡ್ರಮ್ ಕೈಕೊಟ್ಟರೆ ಪೇಚಾಟವಾಗುತ್ತದೆ. ತಂತಿ ಕೈಕೊಟ್ಟರೆ ಕೂವೆಮರ ತಲೆಯ ಮೇಲೆ ಬೀಳುತ್ತದೆ. ಎರಡನ್ನೂ ಅನುಭವಿಸಿದವನಾದ್ದರಿಂದ, ಓದುಗರ ಅಂಕಣಕ್ಕೆ ಉದ್ದವಾಗುತ್ತದೆಂದು ಗೊತ್ತಿದ್ದೂ ಬರೆಯುತ್ತಿದ್ದೇನೆ.

ನಾನು ಹೊನ್ನಾವರದ ಕಡೆಯವನು. ಮೂವತ್ತು ವರ್ಷಕ್ಕೂ ಮಿಕ್ಕಿ ಗೋವಾದ ವಾಸ್ಕೋದ ಒಂದು ಹಡಗು ದುರಸ್ತಿ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದು, ಈಗ ನಿವೃತ್ತನಾಗಿ ಚಿಕಾಲಿಂನಲ್ಲಿ ನೆಲೆಸಿದ್ದೇನೆ. ಅಕ್ಕನ ಮಗನೂ ನಾನೂ ಸೇರಿ 14 ಅಡಿಯ ಪ್ಲೈವುಡ್ ದೋಣಿಯೊಂದನ್ನು ಕಟ್ಟಿ, ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ಜುವಾರಿ ನದಿಯ ಅಳಿವೆಯಲ್ಲಿ ಹಾಯಿ ಬಿಚ್ಚುತ್ತೇವೆ. ಇಲ್ಲಿನ ಗಾಳಿಯ ಸ್ವಭಾವ ಕರಾವಳಿಯವರಿಗೆ ಹೇಳಬೇಕಾದ್ದಲ್ಲ. ಬೇಸಿಗೆಯಲ್ಲಿ ಬೆಳಿಗ್ಗೆ ನೆಲದ ಕಡೆಯಿಂದ ಸಣ್ಣಗೆ ಬೀಸಿ, ನಡುಹಗಲಿಗೆ ಸತ್ತಂತಾಗಿ, ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ ಏರಿ ಬರುತ್ತದೆ. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 10 ನಾಟ್ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) ಇದ್ದದ್ದು 14 ನಾಟ್ ಆದರೆ ಹಾಯಿಯ ಮೇಲಿನ ಹೊರೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಆಗ ದೋಣಿಯ ಮೂತಿಯವರೆಗೆ ತೆವಳಿಕೊಂಡು ಹೋಗದೆ, ಕುಳಿತಲ್ಲಿಂದಲೇ ಒಂದು ಹಗ್ಗ ಎಳೆದು ಮುಂದಿನ ಹಾಯಿಯನ್ನು, ಅಂದರೆ ಜಿಬ್ಬನ್ನು, ಸುತ್ತಿಬಿಡಲು ಸಾಧ್ಯವಾದರೆ ಅದು ಐಷಾರಾಮವಲ್ಲ. ಇಬ್ಬರೇ ಇರುವ ದೋಣಿಯಲ್ಲಿ ಒಬ್ಬನು ಮೂತಿಗೆ ಹೋದರೆ ದೋಣಿಯ ಸಮತೋಲವೇ ಕೆಡುತ್ತದೆ.

ಮೊದಲು ಒಂದು ಪದದ ವಿಚಾರ. ಲೇಖನದಲ್ಲಿ ‘ಫರ್ಲಿಂಗ್’ ಮತ್ತು ‘ರೀಫಿಂಗ್’ ಎಂಬೆರಡಕ್ಕೂ ‘ಹಾಯಿ ಮಡಚುವುದು’ ಎಂದೇ ಬರೆದಿದ್ದಾರೆ. ಫರ್ಲಿಂಗ್ ಎಂದರೆ ಕೆಲಸ ಮುಗಿದ ಹಾಯಿಯನ್ನು ಪೂರ್ತಿಯಾಗಿ ಸುತ್ತಿಡುವುದು. ರೀಫಿಂಗ್ ಎಂದರೆ ಗಾಳಿ ಹೆಚ್ಚಾದಾಗ ಹಾಯಿಯ ವಿಸ್ತಾರವನ್ನು ಕುಗ್ಗಿಸಿ ಅದೇ ಹಾಯಿಯಲ್ಲಿ ಮುಂದುವರಿಯುವುದು. ಇದು ಬರೀ ಪದದ ತಕರಾರಲ್ಲ. ಮನೆಯಲ್ಲಿ ಮಾಡಿದ ಸರಳ ಡ್ರಮ್ ಮೊದಲನೆಯದಕ್ಕೆ ಸಾಕು, ಎರಡನೆಯದಕ್ಕೆ ಸಾಲದು. ಗಾಳಿ ಹೆಚ್ಚಾದಾಗ ಜಿಬ್ಬನ್ನು ಅರ್ಧ ಸುತ್ತಿ ಸಾಗಬಹುದೆಂದು ಲೇಖಕರು ಹೇಳಿದ್ದನ್ನು ನಂಬಿ ಮಾಡಿದರೆ, ಹಾಯಿಯ ಮುಂದಿನ ಅಂಚಿನೊಳಗಿರುವ ತಂತಿ ತಿರುಚಿಕೊಂಡು, ಕೆಳಭಾಗ ಸುತ್ತಿದ್ದು ಸುತ್ತಿದಂತೆಯೇ ಇದ್ದು ಮೇಲ್ಭಾಗ ತಾನಾಗಿ ಬಿಚ್ಚಿಕೊಳ್ಳುತ್ತದೆ. ಉಳಿದ ಹಾಯಿ ಚೀಲದಂತೆ ಉಬ್ಬಿ, ಗಾಳಿಗೆದುರಾಗಿ ಸಾಗುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ದೊಡ್ಡ ದೋಣಿಗಳಲ್ಲಿ ಅರ್ಧ ಸುತ್ತಿ ಸಾಗುತ್ತಾರಲ್ಲ ಎಂದರೆ, ಅಲ್ಲಿ ತಂತಿಯ ಸುತ್ತ ತಿರುಚಿಕೊಳ್ಳದ ಅಲ್ಯೂಮಿನಿಯಂ ಕೊಳವೆ ಇರುತ್ತದೆ. ನಮ್ಮಂಥ ದೋಣಿಯಲ್ಲಿ ಜಿಬ್ ಒಂದೋ ಪೂರ್ತಿ ಬಿಚ್ಚಿರಬೇಕು, ಇಲ್ಲವೇ ಪೂರ್ತಿ ಸುತ್ತಿರಬೇಕು. ಕುಗ್ಗಿಸಬೇಕಾದ್ದು ದೊಡ್ಡ ಹಾಯಿಯನ್ನು: ಅದನ್ನು ಅರ್ಧ ಮೀಟರ್ ಇಳಿಸಿ, ಕೆಳಗಿನ ಸಡಿಲ ಬಟ್ಟೆಯನ್ನು ಹಾಯಿಯ ಬುಡದ ಅಡ್ಡಮರಕ್ಕೆ ಕಟ್ಟಿದರೆ ಮುಗಿಯಿತು.

ಇನ್ನು ಸಲಕರಣೆ. ಇದರ ಮೂಲ ತತ್ತ್ವ ಹೊಸದಲ್ಲ. ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಇಂಗ್ಲೆಂಡಿನಲ್ಲಿ ವಿಕಮ್ ಮಾರ್ಟಿನ್ ಹೆಸರಿನ ಸಲಕರಣೆ ಬಳಕೆಯಲ್ಲಿದೆ: ಹಾಯಿಯ ಮುಂದಿನ ಅಂಚಿನೊಳಗೆ ಒಂದು ತಂತಿ, ಆ ತಂತಿಯ ಕೆಳತುದಿಗೆ ತಿರುಗುವ ಡ್ರಮ್, ಮೇಲ್ತುದಿಗೆ ಸರಾಗವಾಗಿ ತಿರುಗುವ ಕೊಂಡಿ, ಅಂದರೆ ತಿರುಗಣೆ. ಡ್ರಮ್ಮಿಗೆ ಸುತ್ತಿದ ಹಗ್ಗವನ್ನು ಎಳೆದರೆ ಡ್ರಮ್ ತಿರುಗಿ, ತಂತಿ ತಿರುಗಿ, ಹಾಯಿ ಚಾಪೆಯಂತೆ ತನ್ನ ಸುತ್ತಲೇ ಸುತ್ತಿಕೊಳ್ಳುತ್ತದೆ. ಇದರಲ್ಲಿ ಮನೆಯಲ್ಲಿ ಮಾಡಲಾಗದ್ದು ಯಾವುದೂ ಇಲ್ಲ. ನಮ್ಮ ಡ್ರಮ್ಮಿನ ಎರಡು ಬಿಲ್ಲೆಗಳನ್ನು ತರಕಾರಿ ಹೆಚ್ಚುವ ಬಿಳಿಯ ಪ್ಲಾಸ್ಟಿಕ್ ಹಲಗೆಯಿಂದ 120 ಮಿ.ಮೀ. ವ್ಯಾಸಕ್ಕೆ ಕತ್ತರಿಸಿದ್ದೇವೆ. ಆ ಹಲಗೆ ಮನೆಯಿಂದ ಮಾಯವಾದ ಬಗ್ಗೆ ನನ್ನ ಹೆಂಡತಿಯ ತಕರಾರು ಬೇರೆಯೇ ಇದೆ.

ಡ್ರಮ್ ಎಷ್ಟು ದೊಡ್ಡದಿರಬೇಕೆಂಬ ಲೆಕ್ಕವನ್ನು ಲೇಖಕರು ‘ಅಂದಾಜಿನ ಮೇಲೆ’ ಎಂದು ಬಿಟ್ಟಿದ್ದಾರೆ. ಲೆಕ್ಕ ಕಷ್ಟವಲ್ಲ. ನಮ್ಮ ಜಿಬ್ಬಿನ ಕೆಳ ಅಂಚು 1.7 ಮೀಟರ್, ಸುತ್ತಿಕೊಂಡ ಹಾಯಿಯ ಸರಾಸರಿ ವ್ಯಾಸ 45 ಮಿ.ಮೀ. ಎಂದು ಹಿಡಿದರೆ ಒಂದು ಸುತ್ತಿಗೆ ಸುಮಾರು 14 ಸೆಂ.ಮೀ. ಬಟ್ಟೆ ಒಳಗೆ ಹೋಗುತ್ತದೆ, ಅಂದರೆ 12 ಸುತ್ತು. ಹಾಯಿಯನ್ನು ಹಿಡಿದೆಳೆಯುವ ಶೀಟ್ ಹಗ್ಗಗಳು ಸುತ್ತಿದ ಹಾಯಿಯ ಮೇಲೆ ಇನ್ನೂ 3 ಸುತ್ತು ಬಿಗಿಯಾಗಿ ಬರಬೇಕು. ಇಲ್ಲದಿದ್ದರೆ ದಡದಲ್ಲಿ ಕಟ್ಟಿಟ್ಟ ದೋಣಿಯಲ್ಲಿ ರಾತ್ರಿಯ ಗಾಳಿ ಹಾಯಿಯ ಮೂಲೆಯನ್ನು ಕೆದಕಿ ಬಿಚ್ಚಿಬಿಡುತ್ತದೆ. ಡ್ರಮ್ ಎಂದೂ ಬರಿದಾಗದಂತೆ ಕೊನೆಯಲ್ಲಿ 3 ಸುತ್ತು ಉಳಿಯಬೇಕು. ಒಟ್ಟು 18. ಡ್ರಮ್ಮಿನ ತಿರುಳಿನ ವ್ಯಾಸ 50 ಮಿ.ಮೀ. ಇದ್ದು, 5 ಮಿ.ಮೀ. ಹಗ್ಗ ಪದರಪದರವಾಗಿ ಕೂತಾಗ ಸರಾಸರಿ ವ್ಯಾಸ 65 ಮಿ.ಮೀ. ಆಗುತ್ತದೆ; ಸುತ್ತಿಗೆ 20 ಸೆಂ.ಮೀ.ನಂತೆ 3.6 ಮೀಟರ್ ಹಗ್ಗ ಡ್ರಮ್ಮಿಗೆ ಬೇಕು, ಅಲ್ಲಿಂದ ಕೂರುವ ಜಾಗದವರೆಗೆ ಬರಲು ಮತ್ತೆ 3 ಮೀಟರ್ ಚಿಲ್ಲರೆ. ಹೊಸಬರು ಇನ್ನೊಂದು ಕಡೆ ಎಡವುತ್ತಾರೆ: ಹಾಯಿಯನ್ನೂ ಸುತ್ತಿ, ಡ್ರಮ್ಮಿಗೆ ಹಗ್ಗವನ್ನೂ ತುಂಬಿಸಿ ಇಡುತ್ತಾರೆ. ಹಾಯಿ ಸುತ್ತಿದ್ದಾಗ ಡ್ರಮ್ ಬಹುತೇಕ ಖಾಲಿ ಇರಬೇಕು, ಹಾಯಿ ಬಿಚ್ಚಿಕೊಂಡಂತೆ ಅದು ಹಗ್ಗವನ್ನು ತಾನೇ ನುಂಗಬೇಕು. ಹಾಗೆ ನುಂಗುವಾಗ ಹಗ್ಗವನ್ನು ಕೈಯಲ್ಲಿ ಸ್ವಲ್ಪ ತಡೆದು ಹಿಡಿಯದಿದ್ದರೆ ಸುತ್ತಿನ ಮೇಲೆ ಸುತ್ತು ಹತ್ತಿ ಸಿಕ್ಕಾಗುತ್ತದೆ. ಡ್ರಮ್ಮಿಗೆ ಹಗ್ಗ ಓರೆಯಾಗಿ ಬರದೆ, ಅದರ ಅಕ್ಷಕ್ಕೆ ನೇರ ಅಡ್ಡಲಾಗಿ ಬರುವಂತೆ ಮೊದಲ ಕಪ್ಪಿಯನ್ನು ಕೂರಿಸುವುದೂ ಅಷ್ಟೇ ಮುಖ್ಯ.

ತಿರುಗುವ ಜಾಗಕ್ಕೆ ಸೈಕಲ್ಲಿನ ಹ್ಯಾಂಡಲ್ ಬುಡದ ಬೇರಿಂಗ್ ಹಾಕಬಹುದೆಂಬ ಲೇಖಕರ ಸಲಹೆಯನ್ನು ಫಿಟ್ಟರ್ ಆಗಿ ನಾನು ಮನಸಾರೆ ಮೆಚ್ಚುತ್ತೇನೆ. ಇಲ್ಲಿ ಹೊರೆ ಬರುವುದು ಅಕ್ಷದ ಉದ್ದಕ್ಕೂ, ಎಳೆತವಾಗಿ. ಮೋಟಾರಿಗೆ ಹಾಕುವ ಸಾಮಾನ್ಯ ಬಾಲ್ ಬೇರಿಂಗ್ ಮುಖ್ಯವಾಗಿ ಪಕ್ಕದಿಂದ ಬರುವ ಹೊರೆಗೆ ಮಾಡಿದ್ದು. ಸೈಕಲ್ ಹ್ಯಾಂಡಲಿನದ್ದು ಸವಾರನ ಭಾರವನ್ನು ಅಕ್ಷದ ದಿಕ್ಕಿನಲ್ಲೇ ಹೊರುವಂಥದ್ದು. ಉಪ್ಪುನೀರಿಗೆ ಅದು ತುಕ್ಕು ಹಿಡಿಯುವುದು ಖಂಡಿತ. ಆದರೆ ಗ್ರೀಸ್ ತುಂಬಿ, ವರ್ಷಕ್ಕೊಮ್ಮೆ ಬದಲಿಸಿದರಾಯಿತು, ಸೈಕಲ್ ಅಂಗಡಿಯಲ್ಲಿ ಅದಕ್ಕೆ ಬಹಳ ದುಡ್ಡೇನೂ ಆಗದು. ಅದನ್ನು ಬಿಟ್ಟು ನಾನು ಮೊದಲ ವರ್ಷ ಬುದ್ಧಿವಂತಿಕೆ ಮಾಡಲು ಹೋದೆ. ಲೇತ್‌ನಲ್ಲಿ ನೈಲಾನ್ ಬುಷ್ (ಬೋಲ್ಟಿಗೆ ತೊಡಿಸುವ ಬಳೆ) ತಿರುವಿ, ಕೂದಲೆಳೆಯಷ್ಟೇ ಸಡಿಲ ಬಿಟ್ಟು, ಬೋಲ್ಟಿನ ಮೇಲೆ ಕೂರಿಸಿ, ಬೆರಳಲ್ಲಿ ತಟ್ಟಿದರೆ ಬುಗುರಿಯಂತೆ ತಿರುಗುವುದನ್ನು ನೋಡಿ ಹಿಗ್ಗಿದ್ದೆ.

ಮೇ ತಿಂಗಳ ಕೊನೆಯ ವಾರ, ಮಳೆಗಾಲಕ್ಕೆ ಮುಂಚಿನ ಗುಡುಗುಮೋಡಗಳು ಸಂಜೆಯಾಗುತ್ತಲೇ ಒಳನಾಡಿನ ಕಡೆಯಿಂದ ಏಳುವ ದಿನಗಳು. ನಾವು ಸೇಂಟ್ ಜೆಸಿಂತೊ ದ್ವೀಪವನ್ನು ದಾಟಿ ದೋನಾ ಪಾವ್ಲದ ಕಡೆಗೆ ಮುಖ ಮಾಡಿದ್ದಾಗ ಹಿಂದೆ ಆಕಾಶ ಕಪ್ಪಾಯಿತು. ಹುಡುಗ ಹಗ್ಗ ಎಳೆದ, ಡ್ರಮ್ ಅಲುಗಲಿಲ್ಲ. ಎರಡೂ ಕಾಲುಗಳನ್ನು ಒತ್ತಿ ಎಳೆದ, ಇಲ್ಲ. “ಮಾವ, ಇದು ಕಚ್ಚಿಕೊಂಡಿದೆ” ಎಂದ. ನೈಲಾನ್ ನೀರು ಹೀರಿ ಉಬ್ಬುತ್ತದೆ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಕೆಲಸದಲ್ಲೂ ಕಂಡಿದ್ದೆ, ನನ್ನ ದೋಣಿಗೆ ಮಾತ್ರ ಅದನ್ನು ಅನ್ವಯಿಸಿರಲಿಲ್ಲ. ಎರಡು ವಾರ ಒದ್ದೆಯಲ್ಲಿದ್ದ ಬುಷ್ ಬೋಲ್ಟನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು. ಆದರೂ ಕೆಟ್ಟದ್ದೇನೂ ಆಗಲಿಲ್ಲ. ನಾನು ದೋಣಿಯನ್ನು ಗಾಳಿ ಹೋಗುವ ದಿಕ್ಕಿಗೇ ತಿರುಗಿಸಿದೆ. ದೊಡ್ಡ ಹಾಯಿಯ ಮರೆಗೆ ಬಂದ ಜಿಬ್ ಗಾಳಿಯಿಲ್ಲದೆ ಜೋತುಬಿತ್ತು. ಅದನ್ನು ಎತ್ತಿ ಹಿಡಿದಿದ್ದ ಹಗ್ಗವನ್ನು ಸಡಿಲಿಸಿ, ಡ್ರಮ್ಮಿನ ಸಮೇತ ಇಡೀ ಹಾಯಿಯನ್ನು ಒಳಗೆ ಎಳೆದುಕೊಂಡೆವು. ಆ ಕೆಲಸ ಸಾಧ್ಯವಾದದ್ದು ನಮ್ಮ ಕೂವೆಮರವನ್ನು ಮುಂದಿನಿಂದ ಹಿಡಿದಿರುವ ತಂತಿ, ಅಂದರೆ ಫೋರ್‌ಸ್ಟೇ, ಬೇರೆಯೇ ಇದ್ದುದರಿಂದ. ಜಿಬ್ ಇದ್ದರೂ ಇಲ್ಲದಿದ್ದರೂ ಕೂವೆಮರಕ್ಕೆ ಅದರ ಗೊಡವೆಯಿಲ್ಲ. ಈಗ ನೈಲಾನಿನ ಬದಲು ನೀರನ್ನು ಅಷ್ಟಾಗಿ ಹೀರದ ಅಸಿಟಾಲ್ ಪ್ಲಾಸ್ಟಿಕ್ಕಿನ ಬುಷ್ ಇದೆ, ಹೊರೆ ಹೊರಲು ಸೈಕಲ್ ಬೇರಿಂಗೇ ಇದೆ.

ಫೋರ್‌ಸ್ಟೇಗೆ ಮುಕ್ಕಾಲು ಇಂಚಿನ ಪಿವಿಸಿ ಪೈಪು ತೊಡಿಸಿ, ಪೈಪಿಗೆ ಹಾಯಿಯನ್ನು ಬಿಗಿದು, ಪೈಪನ್ನೇ ತಿರುಗಿಸುವ ವಿಧಾನವನ್ನು ಲೇಖನದಲ್ಲಿ ಚಿತ್ರಸಹಿತ ಕೊಟ್ಟಿದ್ದಾರೆ. ಹಲವರು ಹೀಗೆ ಮಾಡುತ್ತಾರೆ, ಕೆಲಸವೂ ನಡೆಯುತ್ತದೆ. ನನಗೆ ಇದು ಒಪ್ಪಿಗೆಯಾಗದಿರುವುದು ಬೇರೆ ಕಾರಣಕ್ಕೆ. ಬಿಸಿಲಿಗೆ ಪಿವಿಸಿ ಸೆಡೆತು ಒಡೆಯುತ್ತದೆ ಎಂಬುದು ಸಣ್ಣ ಮಾತು, ಪೈಪು ಅಗ್ಗ. ಒಳಗಿರುವ ತಂತಿ ಕಣ್ಣಿಗೆ ಕಾಣುವುದಿಲ್ಲ ಎಂಬುದು ದೊಡ್ಡ ಮಾತು. ಉಪ್ಪುನೀರು ಒಳಗೆ ಇಳಿದು ನಿಂತು, ಗಾಳಿಯಾಡದ ಸಂದಿನಲ್ಲಿ ಸ್ಟೇನ್‌ಲೆಸ್ ತಂತಿ ಸಹ ಕೊರೆದುಹೋಗುತ್ತದೆ. ಕೂವೆಮರವನ್ನು ಹಿಡಿದ ತಂತಿಯ ಒಂದು ಎಳೆ ತುಂಡಾದರೂ ನಮಗೆ ತಿಳಿಯುವುದಿಲ್ಲ. ಪೈಪು ಹಾಕಲೇಬೇಕೆಂದಿದ್ದರೆ ವರ್ಷಕ್ಕೊಮ್ಮೆಯಾದರೂ ತಂತಿಯನ್ನು ಹೊರಗೆಳೆದು ಉದ್ದಕ್ಕೂ ಬಟ್ಟೆಯಿಂದ ಉಜ್ಜಿ ನೋಡಬೇಕು. ತುಂಡಾದ ಎಳೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಬರಿಗೈಯಲ್ಲಿ ಉಜ್ಜಬೇಡಿ.

ಹಾಯಿಯ ಅಂಚಿನೊಳಗೆ ತಂತಿಯ ಬದಲು ನೈಲಾನ್ ಹಗ್ಗ ಹಾಕಿದರೂ ನಡೆಯುತ್ತದೆ ಎಂದದ್ದನ್ನು ಮಾತ್ರ ಖಂಡಿತವಾಗಿ ತಿದ್ದಬೇಕು. ಲಂಗರಿನ ಹಗ್ಗಕ್ಕೆ ನೈಲಾನ್ ಉತ್ತಮ, ಏಕೆಂದರೆ ಅದು ಹಿಗ್ಗಿ ಅಲೆಯ ಜಗ್ಗಾಟವನ್ನು ನುಂಗುತ್ತದೆ. ಅದೇ ಗುಣ ಇಲ್ಲಿ ಶತ್ರು. ಕೆಳಗೆ ಡ್ರಮ್ ನಾಲ್ಕೈದು ಸುತ್ತು ತಿರುಗಿದರೂ ಮೇಲ್ತುದಿಗೆ ಸುದ್ದಿಯೇ ಮುಟ್ಟದೆ, ಹಾಯಿ ಕೆಳಗೆ ದಪ್ಪ, ಮೇಲೆ ಸಡಿಲವಾದ ಕ್ಯಾರೆಟ್ಟಿನಂತೆ ಸುತ್ತಿಕೊಳ್ಳುತ್ತದೆ. ತಂತಿಯಲ್ಲೂ ಬಗೆಗಳಿವೆ. ಏಳು ಸಣ್ಣ ಹುರಿಗಳನ್ನು ಸೇರಿಸಿ ಹೊಸೆದ ಮೃದುವಾದ ತಂತಿ ಕಪ್ಪಿಯ ಮೇಲೆ ಓಡಲು ಸರಿ. ತಿರುಚನ್ನು ದಾಟಿಸಲು, ಮತ್ತು ಕೂವೆಮರವನ್ನು ಹಿಡಿಯಲು, 19 ಎಳೆಗಳನ್ನು ಒಂದೇ ಹುರಿಯಾಗಿ ಹೊಸೆದ ಗಡಸು ತಂತಿಯೇ ಬೇಕು. ಜಿಬ್ಬನ್ನು ಎತ್ತುವ ಹಗ್ಗ ಮೇಲಿನ ತಿರುಗಣೆಯಿಂದ ಫೋರ್‌ಸ್ಟೇಗೆ ಅಂಟಿಕೊಂಡು ಸಮಾನಾಂತರವಾಗಿ ಹೋಗಬಾರದು. ಹೋದರೆ ಹಾಯಿಯ ಬದಲು ಆ ಹಗ್ಗವೇ ತಂತಿಗೆ ಸುತ್ತಿಕೊಂಡು ಇಡೀ ವ್ಯವಸ್ಥೆ ಕಚ್ಚಿಕೊಳ್ಳುತ್ತದೆ. ಅದು ಕೂವೆಮರದ ಕಡೆಗೆ ಸುಮಾರು 10 ಡಿಗ್ರಿಯಾದರೂ ಓರೆಯಾಗಿ ಸರಿದಿರಬೇಕು. ಮನೆಯಲ್ಲಿ ಮಾಡಿದ ಹತ್ತು ಸಲಕರಣೆಗಳು ಕೆಟ್ಟರೆ ಅದರಲ್ಲಿ ಹೆಚ್ಚಿನವು ಕೆಡುವುದು ಕೆಳಗಿನ ಡ್ರಮ್ಮಿನಿಂದಲ್ಲ, ಯಾರೂ ತಲೆಯೆತ್ತಿ ನೋಡದ ಈ ಮೇಲ್ತುದಿಯಿಂದ ಎಂಬುದು ನನ್ನ ಅನಿಸಿಕೆ. ಹಾಗಾಗಿ ಡ್ರಮ್ ಮಾಡಿಕೊಳ್ಳಿ, ಬಾಲ್ ಬೇರಿಂಗ್ ಇರುವ ತಿರುಗಣೆಯೊಂದನ್ನು ಮಾತ್ರ ಕೊಂಡು ತನ್ನಿ.

ಇಷ್ಟು ಹೊತ್ತು ಬರೆದದ್ದು ಕೆಟ್ಟರೂ ಸರಿಪಡಿಸಿಕೊಳ್ಳಬಹುದಾದ ಸಂಗತಿ. ನನಗೆ ನಿಜವಾಗಿ ಆತಂಕ ತಂದದ್ದು ಲೇಖನದ ಕೊನೆಯ ಎರಡು ಕಾಲಂಗಳು.

ಕೂವೆಮರದ ಪಕ್ಕದ ತಂತಿಗಳಿಗೆ ಬಟ್ಟೆ ಒಣಗಿಸಲು ಕಟ್ಟುವ, ಪ್ಲಾಸ್ಟಿಕ್ ಹೊದಿಕೆಯ ತಂತಿ ‘ತಾತ್ಕಾಲಿಕವಾಗಿ’ ಆದೀತೆಂದು ಅಲ್ಲಿದೆ. ಆಗದು. ಆ ಹೊದಿಕೆಯೊಳಗೆ ನೀರು ಹೊಕ್ಕರೆ ತುಕ್ಕು ಹೊರಗೆ ಕಾಣದೆ ಒಳಗೇ ತಿನ್ನುತ್ತದೆ. ಜೊತೆಗೆ ನಮ್ಮಲ್ಲಿ ತಾತ್ಕಾಲಿಕವಾಗಿ ಕಟ್ಟಿದ್ದು ಎಷ್ಟು ವರ್ಷ ಉಳಿಯುತ್ತದೆಂದು ಎಲ್ಲರಿಗೂ ಗೊತ್ತು. ತಂತಿ ಒಳ್ಳೆಯ ದರ್ಜೆಯ ಸ್ಟೇನ್‌ಲೆಸ್ ಹೌದೋ ಅಲ್ಲವೋ ಎಂದು ಅಯಸ್ಕಾಂತ ಹಿಡಿದು ಪರೀಕ್ಷಿಸಿರಿ ಎಂಬ ಸಲಹೆಯೂ ಇದೆ. ನಾನು ಮೊದಲು ಕೊಂಡ ತಂತಿಗೂ ಅಂಗಡಿಯವನು ಹೀಗೆಯೇ ಅಯಸ್ಕಾಂತ ತಾಗಿಸಿ, ನೋಡಿ ಅಂಟುವುದಿಲ್ಲ, ಇದು 316 ದರ್ಜೆಯದು ಎಂದಿದ್ದ. ಒಂದೇ ಹಂಗಾಮಿನಲ್ಲಿ ಅದು ಚಹಾ ಚೆಲ್ಲಿದಂತೆ ಕಂದುಬಣ್ಣಕ್ಕೆ ತಿರುಗಿತು. 304 ಆಗಲಿ 316 ಆಗಲಿ, ಎರಡೂ ಅಯಸ್ಕಾಂತಕ್ಕೆ ಅಷ್ಟಾಗಿ ಅಂಟುವುದಿಲ್ಲ. ತಂತಿಯಾಗಿ ಎಳೆದಾಗ ಎರಡೂ ಸ್ವಲ್ಪ ಅಂಟಲೂಬಹುದು. ಅವುಗಳ ನಡುವಿನ ವ್ಯತ್ಯಾಸವಿರುವುದು 316ರಲ್ಲಿ ಶೇ 2ರಿಂದ 3ರಷ್ಟು ಬೆರೆಸುವ ಮಾಲಿಬ್ಡಿನಮ್‌ನಲ್ಲಿ. ಉಪ್ಪಿನ ಕ್ಲೋರೈಡ್ ಕೊರೆಯುವುದನ್ನು ತಡೆಯುವುದು ಅದೇ, ಮತ್ತು ಅದನ್ನು ಅಯಸ್ಕಾಂತ ಹೇಳಲಾರದು. ತಂತಿಯ ಸುರುಳಿಯ ಜೊತೆ ಬರುವ ಪರೀಕ್ಷಾ ಪತ್ರವನ್ನು ಕೇಳಿ ನೋಡುವುದೇ ದಾರಿ.

ಎಷ್ಟು ದಪ್ಪದ ತಂತಿ ಬೇಕೆಂಬುದಕ್ಕೂ ಲೆಕ್ಕವಿದೆ. ತಲಾ 70 ಕಿಲೋ ತೂಕದ ಇಬ್ಬರು ದೋಣಿಯ ನಡುಗೆರೆಯಿಂದ 80 ಸೆಂ.ಮೀ. ಹೊರಗೆ ಅಂಚಿನ ಮೇಲೆ ಕೂತು ಗಾಳಿಯನ್ನು ಸಂಭಾಳಿಸುತ್ತಾರೆ ಎಂದುಕೊಳ್ಳಿ. ದೋಣಿ ವಾಲದಂತೆ ಅವರು ಒಡ್ಡುವ ತಿರುವುಬಲ 112 ಕಿಲೋಗ್ರಾಂ-ಮೀಟರ್, ಅಂದರೆ ಒಂದು ಮೀಟರ್ ದೂರದಲ್ಲಿ ತೂಗುಹಾಕಿದ 112 ಕಿಲೋ ಭಾರಕ್ಕೆ ಸಮ. ಪಕ್ಕದ ತಂತಿ ನಡುಗೆರೆಯಿಂದ 65 ಸೆಂ.ಮೀ. ದೂರದಲ್ಲಿ ಕಟ್ಟಿದ್ದರೆ ಅದರ ಮೇಲೆ ಸುಮಾರು 170 ಕಿಲೋ ಎಳೆತ ಬೀಳುತ್ತದೆ. ಮೊದಲೇ ಬಿಗಿದ ಬಿಗಿ, ಗಾಳಿಯ ಹೊಡೆತ, ಅಲೆಯ ಜಗ್ಗು ಎಲ್ಲವನ್ನೂ ಸೇರಿಸಿ ಮೂರು ಪಟ್ಟು ಹಿಡಿಯುವುದು ವಿವೇಕ. ಅಲ್ಲಿಗೆ 500 ಕಿಲೋ ದಾಟಿತು. 19 ಎಳೆಯ 3 ಮಿ.ಮೀ. ಸ್ಟೇನ್‌ಲೆಸ್ ತಂತಿ ತುಂಡಾಗುವುದು ಸುಮಾರು 700 ಕಿಲೋಗೆ. ಸಾಕು ಎನ್ನಬಹುದು, ಆದರೆ ಅದು ತುದಿಗಳನ್ನು ಸರಿಯಾಗಿ ಕಟ್ಟಿದಾಗಿನ ಮಾತು.

ತುದಿ ಕಟ್ಟುವುದರಲ್ಲೇ ಲೇಖನದ ಚಿತ್ರ ತಪ್ಪಾಗಿದೆ. ತಂತಿಯನ್ನು ಥಿಂಬಲ್ಲಿನ (ತಂತಿಯ ಕುಣಿಕೆಯೊಳಗೆ ಕೂರುವ ಲೋಹದ ಬಳೆ) ಸುತ್ತ ಬಾಗಿಸಿ ಯು ಕ್ಲಿಪ್ಪುಗಳಿಂದ ಬಿಗಿಯುವಾಗ, ಕ್ಲಿಪ್ಪಿನ ತೋಡುಗಳಿರುವ ದಪ್ಪ ತಳ ಹೊರೆ ಹೊರುವ ಉದ್ದ ತಂತಿಯ ಕಡೆಗೆ ಇರಬೇಕು. ಯು ಆಕಾರದ ಬೋಲ್ಟು ಮಡಚಿ ಬಂದ ಗಿಡ್ಡ ತುದಿಯ ಮೇಲೆ ಕೂರಬೇಕು. ಯು ಬೋಲ್ಟು ತಂತಿಯನ್ನು ಜಜ್ಜುತ್ತದೆ, ಜಜ್ಜಿದರೆ ಹೊರೆಯಿಲ್ಲದ ತುದಿ ಜಜ್ಜಲಿ. ಚಿತ್ರದಲ್ಲಿ ಇದು ತಿರುಗುಮುರುಗಾಗಿದೆ, ಅಲ್ಲದೆ ಎರಡೇ ಕ್ಲಿಪ್ ತೋರಿಸಿದೆ. ಮೂರು ಬೇಕು. ಕ್ಲಿಪ್ಪಿನ ಬದಲು ಒತ್ತಿ ಕೂರಿಸುವ ಲೋಹದ ಗಿಡ್ಡ ಕೊಳವೆ ಬಳಸುವವರು ಅಲ್ಯೂಮಿನಿಯಂ ಬಿಟ್ಟು ತಾಮ್ರದ್ದನ್ನು ಹಾಕಲಿ. ಸ್ಟೇನ್‌ಲೆಸ್ ತಂತಿಯ ಜೊತೆ ಉಪ್ಪುನೀರಿನಲ್ಲಿ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಅಲ್ಯೂಮಿನಿಯಂ ಕೂವೆಮರಕ್ಕೆ ಸ್ಟೇನ್‌ಲೆಸ್ ಸ್ಕ್ರೂ ಹಾಕುವಾಗಲೂ ನಡುವೆ ಪ್ಲಾಸ್ಟಿಕ್ ಹಾಳೆ ಇಡಬೇಕಾದ್ದು ಇದೇ ಕಾರಣಕ್ಕೆ.

ತಂತಿ ಬಿಗಿಮಾಡುವ ಟರ್ನ್‌ಬಕಲ್ಲಿನ ಬಗ್ಗೆ ಲೇಖನ ಏನೂ ಹೇಳಿಲ್ಲ. ನನ್ನ ಕೂವೆಮರ ಬಿದ್ದದ್ದು ಅದರಿಂದ. ಫೆಬ್ರವರಿಯ ಒಂದು ಸಂಜೆ, ಗಾಳಿ 8 ನಾಟ್ ಸಹ ಇರಲಿಲ್ಲ, ನೀರು ತಟ್ಟೆಯಂತೆ ಇತ್ತು. ಗಾಳಿಯ ಮರೆಯ ಬದಿಯ ತಂತಿ ಸಾಗುತ್ತಿರುವಾಗ ಸದಾ ಸಡಿಲವಾಗಿ ನಡುಗುತ್ತಿರುತ್ತದೆ, ನಡುಗುತ್ತ ನಡುಗುತ್ತ ಟರ್ನ್‌ಬಕಲ್ಲಿನ ತಿರುಪನ್ನು ಬಿಚ್ಚುತ್ತ ಹೋಗುತ್ತದೆ. ಅದು ತಿರುಗದಂತೆ ರಂಧ್ರದಲ್ಲಿ ಹಾಕಬೇಕಾದ ಪಿನ್ನನ್ನು, ನಾಳೆ ಬಿಗಿ ಸರಿಮಾಡಿದ ಮೇಲೆ ಹಾಕೋಣವೆಂದು ಬಿಟ್ಟಿದ್ದವನು ನಾನೇ. ದೋಣಿಯನ್ನು ಇನ್ನೊಂದು ಮಗ್ಗುಲಿಗೆ ಹೊರಳಿಸಿದ ಕ್ಷಣ ಹೊರೆ ಆ ತಂತಿಗೆ ಬಂತು, ತಂತಿ ಕಳಚಿತು, 5 ಮೀಟರಿನ ಕೂವೆಮರ ಹುಡುಗನಿಗೂ ನನಗೂ ನಡುವೆ ಬಂದು ಬಿತ್ತು. ಒಂದು ಗೇಣು ಅತ್ತಿತ್ತ ಆಗಿದ್ದರೆ ಈ ಪತ್ರವನ್ನು ಬರೆಯುವ ಮನಸ್ಸು ನನಗೆ ಇರುತ್ತಿರಲಿಲ್ಲ. ಹಿಂದಿನ ಮೇ ತಿಂಗಳ ಬಿರುಗಾಳಿಯಲ್ಲಿ ಡ್ರಮ್ ಕಚ್ಚಿಕೊಂಡಾಗ ಯೋಚಿಸಲು ಸಮಯವಿತ್ತು. ಈ ಸಂಜೆಯ ಮಂದಗಾಳಿಯಲ್ಲಿ ಕಣ್ಣು ಮಿಟುಕಿಸುವಷ್ಟೂ ಇರಲಿಲ್ಲ.

ಇದು ಕಲಿಯುವವರಿಗೆ ಮಾತ್ರ ಆಗುವುದಲ್ಲ. ಒಬ್ಬಂಟಿಯಾಗಿ ಎಲ್ಲೂ ನಿಲ್ಲದೆ ಭೂಮಿಯನ್ನು ಸುತ್ತಿಬಂದ ಮೊದಲ ಭಾರತೀಯ ಅಭಿಲಾಷ್ ಟಾಮಿ ಅವರ ದೋಣಿಯ ಕೂವೆಮರಗಳೇ 2018ರ ಸೆಪ್ಟೆಂಬರಿನಲ್ಲಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ಮುರಿದವು. ಅವರು ಅದಕ್ಕೆ ಮೊದಲು ಲೋಕ ಸುತ್ತಿದ ‘ಮ್ಹಾದೇಯಿ’ ಇಲ್ಲೇ ನಮ್ಮ ಗೋವಾದ ದಿವಾಡಿ ದ್ವೀಪದಲ್ಲಿ ಕಟ್ಟಿದ್ದು. ಅಂಥವರ ಕಡಲು ಬೇರೆ, ನಮ್ಮ ಅಳಿವೆ ಬೇರೆ, ಒಪ್ಪುತ್ತೇನೆ; ಆದರೆ ಕೂವೆಮರ ಬಿದ್ದಮೇಲೆ ಡ್ರಮ್ ಎಷ್ಟು ಚೆನ್ನಾಗಿ ತಿರುಗುತ್ತಿತ್ತೆಂದು ಯಾರೂ ಕೇಳುವುದಿಲ್ಲ.

ಹಗ್ಗಗಳ ಮಾತನ್ನು ಬೇಗ ಮುಗಿಸುತ್ತೇನೆ. ಎತ್ತುವ ಹಗ್ಗಕ್ಕೂ ಸುತ್ತುವ ಹಗ್ಗಕ್ಕೂ ಹಿಗ್ಗದ ಪಾಲಿಯೆಸ್ಟರ್ ಸರಿ. ನೀಲಿ ಬಣ್ಣದ ಅಗ್ಗದ ಪಾಲಿಪ್ರೊಪಿಲೀನ್ ಬಿಸಿಲಿಗೆ ಪುಡಿಯಾಗುತ್ತದೆ. ಗಂಟು ಹಾಕಿದರೆ ಹಗ್ಗದ ಬಲದಲ್ಲಿ ಮೂರನೆಯ ಒಂದು ಭಾಗದಷ್ಟು ಹೋಗಬಹುದು, ಎಳೆಗಳನ್ನು ಬಿಡಿಸಿ ಹೆಣೆದು ಕುಣಿಕೆ ಮಾಡಿದರೆ ಬಹುಪಾಲು ಉಳಿಯುತ್ತದೆ. ಈ ಹೆಣಿಗೆಯನ್ನು ವೀಡಿಯೊ ನೋಡಿ ಕಲಿಯುವುದಕ್ಕಿಂತ ಈಗಲೇ ಹತ್ತಿರದ ಮೀನುಗಾರಿಕೆ ಜೆಟ್ಟಿಗೆ ಹೋಗುವುದು ವಾಸಿ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಲೆ, ಹಗ್ಗ ಸರಿಮಾಡುತ್ತ ಕೂತ ಖಾರ್ವಿ ಹಿರಿಯರು ಒಂದು ಲೋಟ ಚಹಾದ ಹೊತ್ತಿನಲ್ಲಿ ಕಲಿಸಿಬಿಡುತ್ತಾರೆ.

ಇಷ್ಟೆಲ್ಲ ಓದಿದವರಿಗೆ ಇದು ತಮ್ಮಿಂದಾಗದು ಎನ್ನಿಸಿದರೆ ಅವರಿಗೂ ಒಂದು ದಾರಿಯಿದೆ, ಮತ್ತು ಮೊದಲ ದೋಣಿಗೆ ಅದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಜಿಬ್ಬೇ ಬೇಡ, ತಂತಿಯೂ ಬೇಡ. ದೋಣಿಯ ತಳದಲ್ಲಿ ಗಟ್ಟಿಯಾಗಿ ನೆಟ್ಟ, ತಂತಿಯ ಆಸರೆಯಿಲ್ಲದ ಗಿಡ್ಡ ಮರ ಅಥವಾ ಬಿದಿರಿನ ಕೂವೆ, ಅದಕ್ಕೆ ಒಂದೇ ಹಾಯಿ. ಬಿದಿರಿಗೆ ತೂತು ಕೊರೆಯದೆ ಎಲ್ಲವನ್ನೂ ಹಗ್ಗದಿಂದಲೇ ಬಿಗಿಯಬೇಕು, ಕೊರೆದ ತೂತಿನಿಂದಲೇ ಅದು ಸೀಳುತ್ತದೆ. ಹಾಯಿಯ ಹೊರ ಅಂಚನ್ನು ಬಳಸಿ ಕೂವೆಮರದ ಕಡೆಗೆ ಬರುವಂತೆ ಒಂದು ಹಗ್ಗವನ್ನು ಕಪ್ಪಿಯ ಮೂಲಕ ಹಾಯಿಸಿದರೆ, ಅದನ್ನು ಎಳೆದಾಗ ಹಾಯಿ ಬಾಗಿಲ ಪರದೆಯಂತೆ ಮುದುಡಿಕೊಂಡು ಮರಕ್ಕೆ ಅಂಟುತ್ತದೆ. ತಿರುಗುವ ಭಾಗ ಯಾವುದೂ ಇಲ್ಲ, ಕಚ್ಚಿಕೊಳ್ಳುವಂಥದ್ದೂ ಇಲ್ಲ. ಹೊನ್ನಾವರದಿಂದ ಮುಂಬೈವರೆಗೆ ಸರಕಿನ ಹಾಯಿದೋಣಿಯಾದ ಮಚ್ವೆಯಲ್ಲಿ ಹೋಗಿಬರುತ್ತಿದ್ದ ನನ್ನ ಅಜ್ಜ ಹೇಳುತ್ತಿದ್ದ ಉಪಾಯ ಇನ್ನೂ ಸರಳ: ಹಾಯಿಯನ್ನು ಉದ್ದ ಬಿದಿರಿಗೆ ಸುತ್ತಿ ಅಲ್ಲಲ್ಲಿ ಬಾಳೆನಾರಿನಿಂದ ಕಟ್ಟಿ ಮೇಲಕ್ಕೆ ಏರಿಸುವುದು, ಗಾಳಿಗೆ ಸಿದ್ಧವಾದಾಗ ಕೆಳಗಿನಿಂದ ಹಗ್ಗವನ್ನು ಒಮ್ಮೆ ಜಗ್ಗಿದರೆ ನಾರುಗಳು ಪಟಪಟನೆ ಹರಿದು ಹಾಯಿ ಬಿಚ್ಚಿಕೊಳ್ಳುವುದು. ಬಾಳೆನಾರು ಎಲ್ಲಿ ಹರಿಯಬೇಕು, ಹುರಿಹಗ್ಗ ಎಲ್ಲಿ ಹರಿಯಬಾರದು ಎಂಬುದು ಆ ಮಚ್ವೆಯ ತಂಡೇಲನಿಗೆ, ಅಂದರೆ ನಾವಿಕರ ಮುಖ್ಯಸ್ಥನಿಗೆ, ತಿಳಿದಿತ್ತು.

ಮತ್ತೊಂದು ಸಣ್ಣ ಸೂಚನೆ: ಅಲ್ಯೂಮಿನಿಯಂ ಕೂವೆಮರವನ್ನು ದಡದಲ್ಲಿ ನಿಲ್ಲಿಸುವ ಮುನ್ನ ತಲೆಯ ಮೇಲೆ ವಿದ್ಯುತ್ ತಂತಿ ಹಾದುಹೋಗಿದೆಯೇ ಎಂದು ನೋಡಿಕೊಳ್ಳಿ.

ಮಳೆಗಾಲದ ಈ ದಿನಗಳಲ್ಲೇ ನಮ್ಮ ಕಡೆಯ ಹುಡುಗರು ಶೆಡ್ಡಿನಲ್ಲಿ ಕೂತು ಇಂಥ ಕೆಲಸ ಮಾಡಿಕೊಳ್ಳುತ್ತಾರೆ. ನೂಲಹುಣ್ಣಿಮೆಯಂದು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟ ಮೇಲೆ ದೋಣಿಗಳು ಒಂದೊಂದಾಗಿ ನೀರಿಗಿಳಿಯುತ್ತವೆ. ತಮ್ಮ ಪುರವಣಿಯ ಚಿತ್ರವನ್ನು ನೋಡಿಕೊಂಡು ಯಾರಾದರೂ ಈಗಾಗಲೇ ತಂತಿ ಕಟ್ಟಿರಬಹುದು. ಆದ್ದರಿಂದ ಪತ್ರವನ್ನು ಪೂರ್ತಿ ಪ್ರಕಟಿಸಲು ಜಾಗವಿಲ್ಲದಿದ್ದರೆ ಡ್ರಮ್ಮಿನ ಲೆಕ್ಕವನ್ನೂ ನನ್ನ ನೈಲಾನ್ ಬುಷ್ಷಿನ ಕಥೆಯನ್ನೂ ಧಾರಾಳವಾಗಿ ಕತ್ತರಿಸಿ. ಕ್ಲಿಪ್ಪಿನ ದಿಕ್ಕು, ಟರ್ನ್‌ಬಕಲ್ಲಿನ ಪಿನ್ನು ಮತ್ತು ಪ್ಲಾಸ್ಟಿಕ್ ಹೊದಿಕೆಯ ತಂತಿಯ ಕುರಿತ ತಿದ್ದುಪಡಿಯನ್ನು ಮಾತ್ರ ಹುಣ್ಣಿಮೆಗೆ ಮೊದಲು, ಅದೇ ಪುರವಣಿಯಲ್ಲಿ ಪ್ರಕಟಿಸಬೇಕಾಗಿ ವಿನಂತಿ. ಸರಿಯಾಗಿ ಕೂರಿಸಿದ ಮೂರು ಕ್ಲಿಪ್ಪುಗಳ ಚಿತ್ರವನ್ನು ಪೆನ್ಸಿಲಿನಲ್ಲಿ ಬರೆದು ಇದರೊಂದಿಗೆ ಲಗತ್ತಿಸಿದ್ದೇನೆ. ಚಿತ್ರವನ್ನು ಎಷ್ಟೇ ಚಿಕ್ಕದು ಮಾಡಿದರೂ ಯು ಬೋಲ್ಟು ಯಾವ ಬದಿಗಿದೆ ಎಂಬುದು ಕಾಣುವಂತೆ ಅಚ್ಚಾಗಲಿ.

ಇತಿ,
ತಮ್ಮ ಹಳೆಯ ಓದುಗ
ಚಿಕಾಲಿಂ, ಗೋವಾ